ಥೈರಾಯ್ಡ್ ಮಾತ್ರೆ: ನುಂಗಿದ ಮೇಲೆ ದೇಹದಲ್ಲಿ ಏನಾಗುತ್ತದೆ?

"ಒಂದು ವರ್ಷದಿಂದ ಒಂದು ದಿನವೂ ತಪ್ಪದೆ ಮಾತ್ರೆ ನುಂಗುತ್ತಿದ್ದೇನೆ. ಆದರೂ ಟಿಎಸ್‌ಎಚ್ ಇಳಿಯುತ್ತಿಲ್ಲ. ಸುಸ್ತು ಹೋಗಿಲ್ಲ, ಕೂದಲು ಉದುರುವುದೂ ನಿಂತಿಲ್ಲ." ಥೈರಾಯ್ಡ್ ಕೊರತೆ ಇರುವ ಮಹಿಳೆಯರಿಂದ ಆಗಾಗ ಕೇಳಿ ಬರುವ ಮಾತಿದು. ವೈದ್ಯರು 50 ಮೈಕ್ರೋಗ್ರಾಮ್ ಇದ್ದುದನ್ನು 75ಕ್ಕೆ ಏರಿಸುತ್ತಾರೆ. ಮುಂದಿನ ಬಾರಿ 100 ಆಗುತ್ತದೆ. ಮನೆಯವರಿಗೆ ಕಾಯಿಲೆ ಹೆಚ್ಚುತ್ತಿದೆಯೇನೋ ಎಂಬ ಚಿಂತೆ.

ಹಲವು ಸಂದರ್ಭಗಳಲ್ಲಿ ಕಾಯಿಲೆ ಹೆಚ್ಚಿರುವುದಿಲ್ಲ. ನುಂಗಿದ ಮಾತ್ರೆ ದೇಹಕ್ಕೆ ಸೇರುತ್ತಿರುವುದಿಲ್ಲ, ಅಷ್ಟೆ. ಬೆಳಗ್ಗೆ ಹಾಲು ಹಾಕಿದ ಚಹಾದೊಂದಿಗೆ ಮಾತ್ರೆ, ಅದರ ಬೆನ್ನಿಗೇ ತಿಂಡಿ, ಆ ಕೈಯಲ್ಲೇ ಕಬ್ಬಿಣಾಂಶದ ಗುಳಿಗೆ ಅಥವಾ ಕ್ಯಾಲ್ಸಿಯಂ. ನಮ್ಮ ಅನೇಕ ಮನೆಗಳಲ್ಲಿ ನಡೆಯುವುದು ಹೀಗೆಯೇ. ಬಾಯಿಗೆ ಹಾಕಿದ ಮಾತ್ರೆಯು ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಜೀವಕೋಶಕ್ಕೆ ತಲುಪುವ ಹಾದಿಯನ್ನು ಒಮ್ಮೆ ತಿಳಿದುಕೊಂಡರೆ ಈ ತಪ್ಪನ್ನು ಯಾರೂ ಮಾಡಲಾರರು.

ಗ್ರಂಥಿ ಮಾಡುವ ಕೆಲಸ

ಥೈರಾಯ್ಡ್ ಗ್ರಂಥಿ ಇರುವುದು ಕುತ್ತಿಗೆಯ ಮುಂಭಾಗದಲ್ಲಿ, ಚಿಟ್ಟೆಯ ಆಕಾರದಲ್ಲಿ. ವಯಸ್ಕರಲ್ಲಿ ಇದರ ತೂಕ ಸುಮಾರು 20 ಗ್ರಾಮ್. ಇದರ ಕಚ್ಚಾ ವಸ್ತು ಅಯೋಡಿನ್. ಊಟದಲ್ಲಿನ ಅಯೋಡಿನ್ ಜಠರ ಮತ್ತು ಸಣ್ಣ ಕರುಳಿನಲ್ಲಿ ಬಹುತೇಕ ಪೂರ್ತಿಯಾಗಿ ಹೀರಲ್ಪಟ್ಟು ರಕ್ತಕ್ಕೆ ಸೇರುತ್ತದೆ. ಗ್ರಂಥಿಯು ಅದನ್ನು ರಕ್ತದಿಂದ ಸೆಳೆದುಕೊಂಡು ಹಾರ್ಮೋನ್ ತಯಾರಿಸುತ್ತದೆ. ತಯಾರಾದುದನ್ನೆಲ್ಲ ಅಂದಂದೇ ಖರ್ಚು ಮಾಡುವುದಿಲ್ಲ. ಎರಡು ಮೂರು ತಿಂಗಳಿಗೆ ಸಾಕಾಗುವಷ್ಟು ದಾಸ್ತಾನು ಅದರಲ್ಲಿರುತ್ತದೆ.

ಗ್ರಂಥಿಯಿಂದ ಹೊರಬರುವ ಹಾರ್ಮೋನುಗಳು ಮುಖ್ಯವಾಗಿ ಎರಡು. ನಾಲ್ಕು ಅಯೋಡಿನ್ ಪರಮಾಣುಗಳಿರುವುದು ಟಿ4, ಅಂದರೆ ಥೈರಾಕ್ಸಿನ್. ಮೂರು ಪರಮಾಣುಗಳಿರುವುದು ಟಿ3. ಗ್ರಂಥಿಯು ದಿನಕ್ಕೆ ಸುಮಾರು 80ರಿಂದ 100 ಮೈಕ್ರೋಗ್ರಾಮ್ ಟಿ4 ಬಿಡುಗಡೆ ಮಾಡುತ್ತದೆ. ಟಿ3 ಅದಕ್ಕಿಂತ ಬಹಳ ಕಡಿಮೆ. ಆದರೆ ಜೀವಕೋಶದೊಳಗೆ ನಿಜವಾಗಿ ಕೆಲಸ ಮಾಡುವುದು ಟಿ3. ಹೃದಯದ ಬಡಿತ, ಮೈಯ ಬಿಸಿ, ಕರುಳಿನ ಚಲನೆ, ಮಾಸಿಕ ಋತುಚಕ್ರ, ಚರ್ಮ, ಕೂದಲು, ಮಗುವಿನ ಬೆಳವಣಿಗೆ ಎಲ್ಲದರ ವೇಗವನ್ನೂ ಅದು ನಿಯಂತ್ರಿಸುತ್ತದೆ. ಟಿ4 ಅನ್ನು ಹಿಟ್ಟು ಎನ್ನಬಹುದಾದರೆ ಟಿ3 ರೊಟ್ಟಿ. ಗ್ರಂಥಿ ಹಿಟ್ಟು ಹಂಚುತ್ತದೆ, ಆಯಾ ಅಂಗ ತನಗೆ ಬೇಕಾದಷ್ಟು ರೊಟ್ಟಿ ಮಾಡಿಕೊಳ್ಳುತ್ತದೆ.

ಗ್ರಂಥಿಯ ಮೇಲ್ವಿಚಾರಣೆ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯದು. ರಕ್ತದಲ್ಲಿ ಹಾರ್ಮೋನ್ ಕಡಿಮೆಯಾದರೆ ಅದು ಟಿಎಸ್‌ಎಚ್ ಎಂಬ ಆದೇಶವನ್ನು ಹೆಚ್ಚು ಹೆಚ್ಚಾಗಿ ಕಳುಹಿಸುತ್ತದೆ. ಆದ್ದರಿಂದಲೇ ಥೈರಾಯ್ಡ್ ಕುಂದಿದಾಗ ಟಿಎಸ್‌ಎಚ್ ಏರುತ್ತದೆ. ಅನೇಕರು ವರದಿಯಲ್ಲಿ ಹೆಚ್ಚಿನ ಅಂಕಿ ನೋಡಿ "ಥೈರಾಯ್ಡ್ ಜಾಸ್ತಿಯಾಗಿದೆ" ಎಂದುಕೊಳ್ಳುತ್ತಾರೆ. ಅದು ತಪ್ಪು. ಅಂಕಿ ಹೆಚ್ಚಿದೆ ಎಂದರೆ ಸಾಮಾನ್ಯವಾಗಿ ಹಾರ್ಮೋನ್ ಕಡಿಮೆಯಾಗಿದೆ ಎಂದರ್ಥ.

ಕರುಳಿನಿಂದ ರಕ್ತಕ್ಕೆ

ಗ್ರಂಥಿ ಸೋತಾಗ ವೈದ್ಯರು ಕೊಡುವ ಮಾತ್ರೆಯ ಹೆಸರು ಲೆವೊಥೈರಾಕ್ಸಿನ್. ಇದು ನಮ್ಮ ಗ್ರಂಥಿ ತಯಾರಿಸುವ ಟಿ4 ಅನ್ನೇ ಹೋಲುವ ವಸ್ತು. ರಚನೆಯಲ್ಲಿ ವ್ಯತ್ಯಾಸವಿಲ್ಲ. ಹೀಗಾಗಿ ಇದನ್ನು ಪರಕೀಯ ಔಷಧವೆಂದು ಹೆದರಬೇಕಾಗಿಲ್ಲ. ದೇಹದಲ್ಲಿ ಕೊರತೆಯಾದುದನ್ನು ತುಂಬಿಕೊಡುವುದಷ್ಟೇ ಇದರ ಕೆಲಸ.

ಮಾತ್ರೆ ಮೊದಲು ಜಠರದ ಆಮ್ಲದಲ್ಲಿ ಕರಗಬೇಕು. ನಂತರ ಸಣ್ಣ ಕರುಳಿನ ಗೋಡೆಯ ಮೂಲಕ ರಕ್ತಕ್ಕೆ ಹೋಗಬೇಕು. ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೂ ಪೂರ್ತಿ ಹೀರಲ್ಪಡುವುದಿಲ್ಲ. ಸುಮಾರು 60ರಿಂದ 80 ಶೇಕಡಾ ಮಾತ್ರ ರಕ್ತಕ್ಕೆ ಸೇರುತ್ತದೆ. ಹೊಟ್ಟೆಯಲ್ಲಿ ಆಹಾರವಿದ್ದರೆ ಈ ಪ್ರಮಾಣ ಇನ್ನೂ ಇಳಿಯುತ್ತದೆ. ಮಾತ್ರೆಯಲ್ಲಿರುವುದು ಮೈಕ್ರೋಗ್ರಾಮ್ ಲೆಕ್ಕದ ಔಷಧ. ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಭಾಗವೇ ಮೈಕ್ರೋಗ್ರಾಮ್. ಇಷ್ಟು ಸಣ್ಣ ಪ್ರಮಾಣದಲ್ಲಿ ಸ್ವಲ್ಪ ಸೋರಿದರೂ ವ್ಯತ್ಯಾಸ ಕಾಣಿಸುತ್ತದೆ.

ಹೀರಿಕೆಗೆ ಅಡ್ಡಿ ಮಾಡುವವು ಯಾವುವು?

ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಮಾತ್ರೆಗಳು. ಇವು ಕರುಳಿನಲ್ಲೇ ಥೈರಾಕ್ಸಿನ್‌ಗೆ ಅಂಟಿಕೊಂಡು ಅದನ್ನು ಮಲದೊಂದಿಗೆ ಹೊರಗೆ ಸಾಗಿಸುತ್ತವೆ. ಹಾಲಿನಲ್ಲಿ ಕ್ಯಾಲ್ಸಿಯಂ ಇರುವುದರಿಂದ ಹಾಲಿನೊಂದಿಗೂ ಮಾತ್ರೆ ಸಲ್ಲದು.

ಕಾಫಿ. ಸಕ್ಕರೆ, ಹಾಲು ಇಲ್ಲದ ಕಾಫಿಯೂ ಹೀರಿಕೆಯನ್ನು ಕಡಿಮೆ ಮಾಡುತ್ತದೆ.

ಎದೆಯುರಿಗೆ ಕುಡಿಯುವ ಆಮ್ಲಶಾಮಕಗಳು. ಇವುಗಳಲ್ಲಿನ ಅಲ್ಯೂಮಿನಿಯಂ ಮುಂತಾದವು ಥೈರಾಕ್ಸಿನ್ ಅನ್ನು ಹಿಡಿದಿಡುತ್ತವೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಂಥ "ಗ್ಯಾಸ್ ಮಾತ್ರೆ"ಗಳು ಜಠರದ ಆಮ್ಲವನ್ನೇ ತಗ್ಗಿಸುವುದರಿಂದ ಮಾತ್ರೆ ಸರಿಯಾಗಿ ಕರಗುವುದಿಲ್ಲ.

ಸೋಯಾ ಪದಾರ್ಥಗಳು, ಹೆಚ್ಚು ನಾರಿನ ಪುಡಿಗಳು.

ಜಠರದ ಎಚ್. ಪೈಲೋರಿ ಸೋಂಕು, ಗೋಧಿಯ ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆ. ಸರಿಯಾದ ಕ್ರಮದಲ್ಲಿ ಮಾತ್ರೆ ನುಂಗಿದರೂ ಮೇಲಿಂದ ಮೇಲೆ ಪ್ರಮಾಣ ಏರಿಸಬೇಕಾಗಿ ಬಂದರೆ ವೈದ್ಯರು ಈ ಕಡೆಗೂ ಗಮನ ಹರಿಸುತ್ತಾರೆ.

ಆದ್ದರಿಂದ ನಿಯಮ ಸರಳ. ಬೆಳಗ್ಗೆ ಎದ್ದ ಕೂಡಲೇ ಬರೀ ನೀರಿನೊಂದಿಗೆ ಮಾತ್ರೆ ನುಂಗಿ. ಚಹಾ, ಕಾಫಿ, ತಿಂಡಿಗೆ ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ತಡೆಯಿರಿ. ಕಬ್ಬಿಣಾಂಶ, ಕ್ಯಾಲ್ಸಿಯಂ, ಆಮ್ಲಶಾಮಕಗಳಿಗೆ ನಾಲ್ಕು ಗಂಟೆಗಳ ಅಂತರವಿರಲಿ. ಫಜ್ರ್ ನಮಾಝ್‌ಗೆ ಏಳುವವರಿಗೆ ಇದು ಕಷ್ಟವೇ ಅಲ್ಲ. ವುಝೂ ಮಾಡುವ ಮೊದಲು ಮಾತ್ರೆ ನುಂಗಿದರೆ ನಮಾಝ್, ಕುರ್‌ಆನ್ ಪಾರಾಯಣ ಮುಗಿಸಿ ಅಡುಗೆಮನೆಗೆ ಬರುವ ಹೊತ್ತಿಗೆ ಕಾಲಾವಕಾಶ ಸಿಕ್ಕಿರುತ್ತದೆ. ಬೆಳಗ್ಗೆ ಸಾಧ್ಯವಾಗದವರು ರಾತ್ರಿ ಊಟವಾಗಿ ಮೂರು ಗಂಟೆಯ ನಂತರ ಮಲಗುವಾಗ ತೆಗೆದುಕೊಳ್ಳಬಹುದು. ಆದರೆ ಇಂದು ಬೆಳಗ್ಗೆ, ನಾಳೆ ರಾತ್ರಿ ಎಂದಾಗಬಾರದು.

ರಕ್ತದಲ್ಲಿ ಸಂಚಾರ

ರಕ್ತಕ್ಕೆ ಸೇರಿದ ಟಿ4 ಒಂಟಿಯಾಗಿ ತಿರುಗುವುದಿಲ್ಲ. ಅದರ 99.97 ಶೇಕಡಾ ಭಾಗ ರಕ್ತದಲ್ಲಿರುವ ಪ್ರೋಟೀನುಗಳಿಗೆ ಅಂಟಿಕೊಂಡಿರುತ್ತದೆ. ಬಿಡಿಯಾಗಿರುವುದು ಕೇವಲ 0.03 ಶೇಕಡಾ. ಜೀವಕೋಶದೊಳಗೆ ಹೋಗಬಲ್ಲದ್ದು ಈ ಬಿಡಿ ಭಾಗ ಮಾತ್ರ. ವರದಿಯಲ್ಲಿ "ಫ್ರೀ ಟಿ4" ಎಂದು ಕಾಣುವುದು ಇದನ್ನೇ. ಉಳಿದುದು ಕಣಜದಲ್ಲಿನ ಧಾನ್ಯದಂತೆ, ಬೇಕಾದಾಗ ಬಿಡುಗಡೆಯಾಗುತ್ತದೆ.

ಈ ಕಣಜದ ಕಾರಣದಿಂದಲೇ ಟಿ4 ನಿಧಾನವಾಗಿ ಖರ್ಚಾಗುತ್ತದೆ. ರಕ್ತದಲ್ಲಿರುವ ಟಿ4 ಅರ್ಧಕ್ಕಿಳಿಯಲು ಸುಮಾರು ಏಳು ದಿನ ಬೇಕು. ಟಿ3 ಒಂದೇ ದಿನದಲ್ಲಿ ಅರ್ಧವಾಗುತ್ತದೆ. ಇದರಿಂದ ಮೂರು ವಿಷಯಗಳು ಅರ್ಥವಾಗುತ್ತವೆ.

ಮೊದಲನೆಯದು, ಒಂದು ದಿನ ಮಾತ್ರೆ ಮರೆತರೆ ಗಾಬರಿ ಬೇಡ. ನೆನಪಾದಾಗ ತೆಗೆದುಕೊಂಡರಾಯಿತು.

ಎರಡನೆಯದು, "ಎರಡು ವಾರ ಬಿಟ್ಟು ನೋಡಿದೆ, ಏನೂ ಆಗಲಿಲ್ಲ, ಇನ್ನು ಮಾತ್ರೆ ಬೇಡ" ಎನ್ನುವುದು ಮೋಸ ಹೋಗುವ ದಾರಿ. ದಾಸ್ತಾನು ಮುಗಿಯುವವರೆಗೆ ದೇಹ ಸುಮ್ಮನಿರುತ್ತದೆ. ಆಮೇಲೆ ಸುಸ್ತು, ಮಲಬದ್ಧತೆ, ಊತ, ಮಂಕುತನ ಒಂದೊಂದಾಗಿ ಮರಳುತ್ತವೆ.

ಮೂರನೆಯದು, ಪ್ರಮಾಣ ಬದಲಿಸಿದ ಎರಡೇ ವಾರಕ್ಕೆ ರಕ್ತ ಪರೀಕ್ಷೆ ಮಾಡಿಸಿ ಫಲವಿಲ್ಲ. ಹೊಸ ಮಟ್ಟ ನೆಲೆಗೊಳ್ಳಲು, ಪಿಟ್ಯುಟರಿ ಅದಕ್ಕೆ ಹೊಂದಿಕೊಳ್ಳಲು ಆರರಿಂದ ಎಂಟು ವಾರ ಬೇಕು.

ಟಿ4 ಟಿ3 ಆಗುವುದು ಎಲ್ಲಿ?

ಲೆವೊಥೈರಾಕ್ಸಿನ್ ಮಾತ್ರೆಯಲ್ಲಿ ಟಿ4 ಮಾತ್ರ ಇದೆ. ಕೆಲಸ ಮಾಡುವುದು ಟಿ3 ಆದರೆ ಬರೀ ಟಿ4 ಕೊಟ್ಟರೆ ಸಾಕೇ? ಸಾಕು. ಏಕೆಂದರೆ ಆರೋಗ್ಯವಂತರ ದೇಹದಲ್ಲೂ ಒಟ್ಟು ಟಿ3ಯ ಸುಮಾರು ಐದನೇ ಒಂದು ಭಾಗ ಮಾತ್ರ ನೇರವಾಗಿ ಗ್ರಂಥಿಯಿಂದ ಬರುತ್ತದೆ. ಉಳಿದ ನಾಲ್ಕು ಭಾಗ ತಯಾರಾಗುವುದು ಗ್ರಂಥಿಯ ಹೊರಗೆ.

ಈ ವಿಷಯ ಗೊತ್ತಾಗಲು ಬಹಳ ಕಾಲ ಹಿಡಿಯಿತು. ಇಂಗ್ಲೆಂಡಿನ ವೈದ್ಯ ಜಾರ್ಜ್ ಮರ್ರೆ 1891ರಲ್ಲಿ ಕುರಿಯ ಥೈರಾಯ್ಡ್ ಗ್ರಂಥಿಯ ರಸವನ್ನು ಚುಚ್ಚಿ ಒಬ್ಬ ರೋಗಿಯನ್ನು ಗುಣಪಡಿಸಿದರು. 1914ರ ಕೊನೆಯಲ್ಲಿ ಅಮೆರಿಕದ ಎಡ್ವರ್ಡ್ ಕೆಂಡಾಲ್ ಥೈರಾಕ್ಸಿನ್ ಅನ್ನು ಬೇರ್ಪಡಿಸಿದರು. 1952ರಲ್ಲಿ ಜ್ಯಾಕ್ ಗ್ರಾಸ್ ಮತ್ತು ರೊಸಾಲಿಂಡ್ ಪಿಟ್ ರಿವರ್ಸ್ ಟಿ3 ಇರುವುದನ್ನು ಕಂಡುಹಿಡಿದರು. 1970ರಲ್ಲಿ ಬ್ರೇವರ್‌ಮನ್, ಇಂಗ್‌ಬಾರ್, ಸ್ಟರ್ಲಿಂಗ್ ಎಂಬ ಮೂವರು ವಿಜ್ಞಾನಿಗಳು ಥೈರಾಯ್ಡ್ ಗ್ರಂಥಿ ಕೆಲಸ ಮಾಡದ ರೋಗಿಗಳಿಗೆ ಟಿ4 ಮಾತ್ರ ಕೊಟ್ಟು, ಅವರ ರಕ್ತದಲ್ಲಿ ಟಿ3 ಕಾಣಿಸಿಕೊಳ್ಳುವುದನ್ನು ತೋರಿಸಿಕೊಟ್ಟರು. ದೇಹವೇ ಪರಿವರ್ತನೆ ಮಾಡುತ್ತದೆ ಎಂಬುದು ಆಗ ಖಚಿತವಾಯಿತು.

ಈ ಕೆಲಸ ಮಾಡುವ ಕಿಣ್ವಗಳಿಗೆ ಡಿಅಯೋಡಿನೇಸ್ ಎಂದು ಹೆಸರು. ಇವು ಟಿ4ರಿಂದ ಒಂದು ಅಯೋಡಿನ್ ಪರಮಾಣುವನ್ನು ಕಿತ್ತು ಟಿ3 ಮಾಡುತ್ತವೆ. ಇವುಗಳಲ್ಲಿ ಮೂರು ಬಗೆ. ಒಂದು ಯಕೃತ್ತು, ಮೂತ್ರಪಿಂಡಗಳಲ್ಲಿ ಕೆಲಸ ಮಾಡುತ್ತದೆ. ಇನ್ನೊಂದು ಮೆದುಳು, ಪಿಟ್ಯುಟರಿ, ಸ್ನಾಯುಗಳಲ್ಲಿದ್ದು ಆಯಾ ಅಂಗಕ್ಕೆ ಬೇಕಾದ ಟಿ3ಯನ್ನು ಅಲ್ಲಲ್ಲೇ ಒದಗಿಸುತ್ತದೆ. ಮೂರನೆಯದು ಇದಕ್ಕೆ ವಿರುದ್ಧ. ಅದು ಬೇರೆ ಜಾಗದ ಅಯೋಡಿನ್ ಕಿತ್ತು "ರಿವರ್ಸ್ ಟಿ3" ಎಂಬ ನಿಷ್ಕ್ರಿಯ ವಸ್ತುವನ್ನಾಗಿ ಮಾಡುತ್ತದೆ. ಒಂದು ಗಾಡಿಗೆ ಆಕ್ಸಿಲೇಟರೂ ಬೇಕು, ಬ್ರೇಕೂ ಬೇಕು. ದೇಹಕ್ಕೂ ಅಷ್ಟೆ.

ಬ್ರೇಕ್ ಬೀಳುವುದು ಯಾವಾಗ? ತೀವ್ರ ಜ್ವರ, ದೊಡ್ಡ ಶಸ್ತ್ರಚಿಕಿತ್ಸೆ, ದಿನಗಟ್ಟಲೆ ಹಸಿವು. ಆಗ ಟಿ3 ಇಳಿದು ರಿವರ್ಸ್ ಟಿ3 ಏರುತ್ತದೆ. ಶಕ್ತಿಯನ್ನು ಉಳಿಸಲು ದೇಹ ಮಾಡಿಕೊಳ್ಳುವ ಏರ್ಪಾಡು ಇದು. ಆಸ್ಪತ್ರೆಯಲ್ಲಿ ಗಂಭೀರ ಸ್ಥಿತಿಯಲ್ಲಿರುವಾಗ ಥೈರಾಯ್ಡ್ ವರದಿಯಲ್ಲಿ ಏರುಪೇರು ಕಂಡರೆ, ಅದನ್ನೇ ಥೈರಾಯ್ಡ್ ಕಾಯಿಲೆ ಎನ್ನಲಾಗದು. ಅತಿಯಾದ ಪಥ್ಯದಿಂದ ತೂಕ ಇಳಿಸಲು ಹೊರಟವರಲ್ಲೂ ಟಿ3 ತಗ್ಗುತ್ತದೆ. ಸ್ಟೀರಾಯ್ಡ್‌ಗಳು, ಹೃದಯದ ಲಯಕ್ಕೆ ಕೊಡುವ ಅಮಿಯೊಡರೋನ್, ಹೆಚ್ಚು ಪ್ರಮಾಣದ ಪ್ರೊಪ್ರನಲಾಲ್ ಕೂಡ ಈ ಪರಿವರ್ತನೆಯನ್ನು ಕುಗ್ಗಿಸುತ್ತವೆ.

ಡಿಅಯೋಡಿನೇಸ್ ಕಿಣ್ವಗಳಿಗೆ ಸೆಲೆನಿಯಂ ಎಂಬ ಖನಿಜ ಅಗತ್ಯ. ಹಾಗೆಂದು ಸೆಲೆನಿಯಂ ಮಾತ್ರೆಗಳನ್ನು ಕೊಂಡು ತಿನ್ನಬೇಕಿಲ್ಲ. ಮೀನು, ಮೊಟ್ಟೆ, ಮಾಂಸ ತಿನ್ನುವ ಮನೆಗಳಲ್ಲಿ ಊಟದಿಂದಲೇ ಅದು ಸಿಗುತ್ತದೆ. ಅತಿಯಾದರೆ ಸೆಲೆನಿಯಂ ವಿಷವಾಗಿ ಪರಿಣಮಿಸುತ್ತದೆ. ಅಯೋಡಿನ್‌ಗೂ ಇದೇ ಮಾತು. ಉಪ್ಪಿಗೆ ಅಯೋಡಿನ್ ಸೇರಿಸಿದ ಮೇಲೆ ಗಳಗಂಡ ಹಿಮ್ಮೆಟ್ಟಿತು. 1956ರಲ್ಲಿ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಆರಂಭಿಸಿದ ಅಧ್ಯಯನ ಇದಕ್ಕೆ ದಾರಿ ತೋರಿತು. ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಮ್, ಗರ್ಭಿಣಿಯರಿಗೆ 250 ಮೈಕ್ರೋಗ್ರಾಮ್ ಅಯೋಡಿನ್ ಸಾಕು. ಅಯೋಡಿನ್ ಇರುವ ಉಪ್ಪನ್ನು ಮುಚ್ಚಳ ಬಿಗಿಯಾಗಿರುವ ಡಬ್ಬಿಯಲ್ಲಿಡಿ. ಒಲೆಯ ಪಕ್ಕ ತೆರೆದಿಡಬೇಡಿ.

ಗರ್ಭಿಣಿಯರು ಗಮನಿಸಲಿ

ಹೊಟ್ಟೆಯಲ್ಲಿರುವ ಮಗುವಿನ ಥೈರಾಯ್ಡ್ ಸುಮಾರು 12ನೇ ವಾರದ ವರೆಗೆ ಹಾರ್ಮೋನ್ ತಯಾರಿಸುವ ಸ್ಥಿತಿಯಲ್ಲಿರುವುದಿಲ್ಲ. ಅಲ್ಲಿಯವರೆಗೆ ತಾಯಿಯ ಟಿ4ರಿಂದಲೇ ಮಗುವಿನ ಮೆದುಳು ತನಗೆ ಬೇಕಾದ ಟಿ3ಯನ್ನು ಮಾಡಿಕೊಳ್ಳುತ್ತದೆ. ಮೆದುಳಿನ ಅಡಿಪಾಯ ಬೀಳುವ ಹೊತ್ತು ಅದು. ಇನ್ನೊಂದೆಡೆ ಗರ್ಭಧಾರಣೆಯಲ್ಲಿ ಈಸ್ಟ್ರೊಜೆನ್ ಹೆಚ್ಚಿ, ರಕ್ತದಲ್ಲಿ ಟಿ4 ಅನ್ನು ಹಿಡಿದಿಡುವ ಪ್ರೋಟೀನೂ ಹೆಚ್ಚುತ್ತದೆ. ಆದ್ದರಿಂದ ಮಾತ್ರೆಯ ಅಗತ್ಯ 25ರಿಂದ 50 ಶೇಕಡಾ ಏರಬಹುದು, ಅದೂ ಮೊದಲ ವಾರಗಳಲ್ಲೇ.

ಮೊದಲೇ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿರುವವರು ಗರ್ಭ ನಿಂತಿದೆ ಎಂದು ಗೊತ್ತಾದ ಕೂಡಲೇ ವೈದ್ಯರಿಗೆ ತಿಳಿಸಬೇಕು. ಮೂರು ತಿಂಗಳಾಗಲಿ, ಆಮೇಲೆ ಹೋದರಾಯಿತು ಎಂದು ಕಾಯಬಾರದು. ಗರ್ಭಿಣಿಗೆ ಮಾತ್ರೆ ಒಳ್ಳೆಯದಲ್ಲ ಎಂದು ಹಿರಿಯರು ಹೇಳಿದರೆಂದು ನಿಲ್ಲಿಸುವುದಂತೂ ಕೂಡದು. ನಿಲ್ಲಿಸಿದರೆ ಗರ್ಭಪಾತದ, ಅವಧಿಗೆ ಮುಂಚಿನ ಹೆರಿಗೆಯ ಅಪಾಯ ಹೆಚ್ಚು.

ಗರ್ಭಿಣಿಯರಿಗೆ ಕಬ್ಬಿಣಾಂಶ, ಕ್ಯಾಲ್ಸಿಯಂ ಮಾತ್ರೆಗಳನ್ನೂ ಕೊಡುತ್ತಾರೆ. ಮೂರನ್ನೂ ಒಟ್ಟಿಗೆ ನುಂಗಿದರೆ ಥೈರಾಯ್ಡ್ ಮಾತ್ರೆ ವ್ಯರ್ಥ. ಎದ್ದ ಕೂಡಲೇ ಥೈರಾಯ್ಡ್, ಮಧ್ಯಾಹ್ನ ಒಂದು, ರಾತ್ರಿ ಇನ್ನೊಂದು ಎಂದು ವಿಂಗಡಿಸಿಕೊಳ್ಳಿ. ಎದೆ ಹಾಲುಣಿಸುವಾಗಲೂ ಈ ಮಾತ್ರೆಯಿಂದ ಮಗುವಿಗೆ ತೊಂದರೆಯಿಲ್ಲ. ಮಗು ಹುಟ್ಟಿದ ಎರಡು ಮೂರು ದಿನಗಳಲ್ಲಿ ಹಿಮ್ಮಡಿಯಿಂದ ರಕ್ತ ತೆಗೆದು ಮಾಡುವ ಥೈರಾಯ್ಡ್ ಪರೀಕ್ಷೆಯ ಬಗ್ಗೆ ಆಸ್ಪತ್ರೆಯಲ್ಲಿ ಕೇಳಿ. ಹುಟ್ಟಿನಿಂದಲೇ ಕೊರತೆಯಿರುವ ಮಗುವಿಗೆ ಮೊದಲ ಎರಡು ವಾರಗಳೊಳಗೆ ಚಿಕಿತ್ಸೆ ಶುರುವಾದರೆ ಬುದ್ಧಿಮಾಂದ್ಯತೆಯನ್ನು ತಪ್ಪಿಸಬಹುದು.

ರಮಝಾನ್‌ನಲ್ಲಿ ಯಾವಾಗ?

ಥೈರಾಯ್ಡ್ ಕೊರತೆ ಹತೋಟಿಯಲ್ಲಿರುವವರಿಗೆ ಸಾಮಾನ್ಯವಾಗಿ ಉಪವಾಸಕ್ಕೆ ಅಡ್ಡಿಯಿಲ್ಲ. ಸಮಸ್ಯೆ ಇರುವುದು ಮಾತ್ರೆಯ ಸಮಯದಲ್ಲಿ. ಹಗಲು ನುಂಗುವಂತಿಲ್ಲ, ರಾತ್ರಿ ಹೊಟ್ಟೆ ಖಾಲಿಯಿರುವುದು ಕಡಿಮೆ. ತಿಂಗಳಿಡೀ ಮಾತ್ರೆ ಬಿಟ್ಟುಬಿಡುವವರೂ ಇದ್ದಾರೆ. ಅದು ತಪ್ಪು. ಮೂರು ದಾರಿಗಳಿವೆ.

ಒಂದು, ಸಹರಿಗೆ ಅರ್ಧ ಅಥವಾ ಒಂದು ಗಂಟೆ ಮೊದಲು. ಸಹರಿಯ ಅಡುಗೆಗೆ ಎದ್ದವರು ಒಲೆ ಹಚ್ಚುವ ಮುನ್ನ ಮಾತ್ರೆ ನುಂಗಿದರೆ ಊಟಕ್ಕೆ ಕೂರುವಷ್ಟರಲ್ಲಿ ಸಮಯ ಸರಿಹೋಗುತ್ತದೆ. ಹೆಚ್ಚಿನ ಮನೆಗಳಿಗೆ ಇದು ಅನುಕೂಲ. ರಾತ್ರಿಯ ಕೊನೆಯ ಆಹಾರವಾಗಿ ಮೂರು ಗಂಟೆ ಕಳೆದಿರಲಿ.

ಎರಡು, ತರಾವೀಹ್ ನಂತರ ಏನೂ ತಿನ್ನದವರು ಇಫ್ತಾರ್ ಊಟವಾಗಿ ಮೂರು ಗಂಟೆ ಬಿಟ್ಟು ಮಲಗುವಾಗ.

ಮೂರು, ಇಫ್ತಾರ್ ಹೊತ್ತಿಗೆ ನೀರಿನಿಂದ ಉಪವಾಸ ಬಿಟ್ಟು, ಮಾತ್ರೆ ನುಂಗಿ, ಮಗ್ರಿಬ್ ನಮಾಝ್ ಮುಗಿಸಿ ಅರ್ಧ ಗಂಟೆಯ ನಂತರ ಆಹಾರ. ಖರ್ಜೂರ, ಹಾಲಿನ ಪಾನೀಯ, ಸಮೋಸದೊಂದಿಗೆ ಇಫ್ತಾರ್ ಶುರುವಾಗುವ ಮನೆಗಳಲ್ಲಿ ಇದನ್ನು ಪಾಲಿಸುವುದು ಕಷ್ಟ.

ಯಾವುದನ್ನು ಆರಿಸಿದರೂ ತಿಂಗಳಿಡೀ ಅದನ್ನೇ ಅನುಸರಿಸಿ. ಗರ್ಭಿಣಿಯರು, ಹೃದಯದ ತೊಂದರೆ ಇರುವವರು, ಟಿಎಸ್‌ಎಚ್ ಇನ್ನೂ ಹತೋಟಿಗೆ ಬಾರದವರು ರಮಝಾನ್‌ಗೆ ಮೊದಲೇ ವೈದ್ಯರನ್ನು ಕಾಣಲಿ.

ಮಾತ್ರೆ ಹಲಾಲ್ ಹೌದೇ?

ಈ ಸಂದೇಹ ಹಲವರಲ್ಲಿದೆ. ಅದಕ್ಕೆ ಕಾರಣವೂ ಇದೆ. ಕೆಲವು ದೇಶಗಳಲ್ಲಿ ಪ್ರಾಣಿಯ ಥೈರಾಯ್ಡ್ ಗ್ರಂಥಿಯನ್ನು ಒಣಗಿಸಿ ಪುಡಿ ಮಾಡಿದ ಮಾತ್ರೆಗಳು ಸಿಗುತ್ತವೆ. ಅವು ಸಾಮಾನ್ಯವಾಗಿ ಹಂದಿಯ ಗ್ರಂಥಿಯಿಂದ ತಯಾರಾದವು. "ನೈಸರ್ಗಿಕ ಥೈರಾಯ್ಡ್" ಎಂಬ ಹೆಸರಿನಲ್ಲಿ ವಿದೇಶದಿಂದ ತರಿಸುವವರು ಇದನ್ನು ಗಮನಿಸಬೇಕು. ಲೆವೊಥೈರಾಕ್ಸಿನ್ ಹಾಗಲ್ಲ. ಅದು ಪ್ರಯೋಗಾಲಯದಲ್ಲಿ ರಾಸಾಯನಿಕವಾಗಿ ತಯಾರಾದುದು. ಹೊರದೇಶಗಳಲ್ಲಿ ಮೃದು ಕ್ಯಾಪ್ಸೂಲ್ ರೂಪದಲ್ಲೂ ಸಿಗುತ್ತದೆ. ಕ್ಯಾಪ್ಸೂಲಿನ ಹೊರಕವಚ ಜಿಲೆಟಿನ್ ಆಗಿರುವುದರಿಂದ ಗಲ್ಫ್ ಅಥವಾ ಬೇರೆಡೆ ಇರುವವರು ಕೇಳಿ ತಿಳಿದುಕೊಳ್ಳಬಹುದು. ಇಲ್ಲಿ ಸಾಮಾನ್ಯವಾಗಿ ಸಿಗುವ ಬಿಳಿ ಗುಳಿಗೆಗೆ ಅಂಥ ಕವಚವಿಲ್ಲ.

ಕ್ರಮ ಬದಲಿಸುವ ಮುನ್ನ ಒಂದು ಎಚ್ಚರಿಕೆ

ಇದನ್ನು ಓದಿ ನಾಳೆಯಿಂದಲೇ ಸರಿಯಾದ ಕ್ರಮದಲ್ಲಿ ಮಾತ್ರೆ ನುಂಗಲು ಶುರು ಮಾಡುವವರು ಒಂದು ಸಂಗತಿ ಮರೆಯಬಾರದು. ಚಹಾದೊಂದಿಗೆ, ಕಬ್ಬಿಣಾಂಶದೊಂದಿಗೆ ನುಂಗುತ್ತಿದ್ದಾಗ ಅರ್ಧಂಬರ್ಧ ಸೇರುತ್ತಿದ್ದ ಕಾರಣ ವೈದ್ಯರು ಪ್ರಮಾಣವನ್ನು ಏರಿಸಿರಬಹುದು. ಈಗ ಹೆಚ್ಚು ಸೇರತೊಡಗಿದರೆ ಅದೇ ಪ್ರಮಾಣ ಅತಿಯಾಗುತ್ತದೆ. ಎದೆ ಬಡಿತ, ನಡುಕ, ನಿದ್ರೆ ಬಾರದಿರುವುದು, ಬೆವರು, ತೂಕ ಇಳಿಯುವುದು ಇದರ ಲಕ್ಷಣಗಳು. ವಯಸ್ಸಾದವರಲ್ಲಿ ಹೃದಯದ ಲಯ ತಪ್ಪಬಹುದು, ಎಲುಬು ಸವೆಯಬಹುದು. ಆದ್ದರಿಂದ "ಇದುವರೆಗೆ ಹೀಗೆ ತೆಗೆದುಕೊಳ್ಳುತ್ತಿದ್ದೆ, ಇನ್ನು ಹೀಗೆ ತೆಗೆದುಕೊಳ್ಳುತ್ತೇನೆ" ಎಂದು ವೈದ್ಯರಿಗೆ ಮುಚ್ಚುಮರೆಯಿಲ್ಲದೆ ತಿಳಿಸಿ. ಆರರಿಂದ ಎಂಟು ವಾರಗಳ ನಂತರ ಟಿಎಸ್‌ಎಚ್ ಪರೀಕ್ಷಿಸಿ. ಕೂದಲಿಗೆಂದು ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ಪರೀಕ್ಷೆಗೆ ಎರಡು ದಿನ ಮೊದಲು ನಿಲ್ಲಿಸಿ. ಅದು ವರದಿಯ ಅಂಕಿಗಳನ್ನು ತಪ್ಪಾಗಿ ತೋರಿಸಬಲ್ಲದು.

ಮಾತ್ರೆಯ ಡಬ್ಬಿಯನ್ನು ಅಡುಗೆಮನೆಯ ಬಿಸಿಯಿಂದ, ತೇವದಿಂದ ದೂರವಿಡಿ. ಹಾಸಿಗೆಯ ಪಕ್ಕ ಒಂದು ಲೋಟ ನೀರಿನೊಂದಿಗೆ ಇಟ್ಟುಕೊಂಡರೆ ಎದ್ದ ಕೂಡಲೇ ನೆನಪಾಗುತ್ತದೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಮಾತ್ರ ಅವರ ಕೈಗೆ ಸಿಗದ ಎತ್ತರದಲ್ಲಿಡಿ. ಪ್ರಮಾಣ ಏರಿಸಬೇಕೆಂದು ಮುಂದಿನ ಬಾರಿ ವೈದ್ಯರು ಹೇಳಿದಾಗ, ಮಾತ್ರೆಯನ್ನು ಯಾವಾಗ, ಯಾವುದರೊಂದಿಗೆ ನುಂಗುತ್ತಿದ್ದೀರಿ ಎಂಬುದನ್ನು ಅವರು ಕೇಳದಿದ್ದರೂ ನೀವೇ ಹೇಳಿ.